ಬೀಟ್ ಸೇಬರ್‌ಗೆ ಮಾಡ್ ಹಾಕಿ ಗೆಳೆಯರ ಜೊತೆ ಆಡುವಾಗ: ದೋಷ ಎಲ್ಲಿದೆ ಅಂತ ಹುಡುಕುವ ಕ್ರಮ

ವಿಆರ್ ಹೆಡ್‌ಸೆಟ್ ಹಾಕಿ ಹಾಡಿನ ತಾಳಕ್ಕೆ ಬ್ಲಾಕ್ ಕತ್ತರಿಸುವ ಆಟ ಬೀಟ್ ಸೇಬರ್. ಅದನ್ನು ಒಬ್ಬರೇ ಆಡುವಾಗ ಮಾಡ್ (ಆಟಕ್ಕೆ ಹೊರಗಿನವರು ಬರೆದ ಸೇರ್ಪಡೆ) ಕೈಕೊಟ್ಟರೆ ದೋಷ ಹುಡುಕುವುದು ಸುಲಭ. ಕೆಟ್ಟಿರುವುದು ನಿಮ್ಮ ಕಂಪ್ಯೂಟರ್‌ನಲ್ಲೇ. ಗೆಳೆಯರ ಜೊತೆ ಆಡುವಾಗ ಹಾಗಲ್ಲ. ನಿಮ್ಮ ಆಟ ಚೆನ್ನಾಗಿ ಓಡುತ್ತಿರುತ್ತದೆ, ಅವರದ್ದೂ ಓಡುತ್ತಿರುತ್ತದೆ, ಆದರೂ ಲಾಬಿಯಲ್ಲಿ, ಅಂದರೆ ಆಡುವ ಮೊದಲು ಎಲ್ಲರೂ ಸೇರುವ ಆನ್‌ಲೈನ್ ಕೋಣೆಯಲ್ಲಿ, ಒಬ್ಬರಿಗೊಬ್ಬರು ಸಿಗುವುದಿಲ್ಲ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಎಲ್ಲ ಮಾಡ್ ಕಿತ್ತು ಮತ್ತೆ ಹಾಕುವುದು. ಒಮ್ಮೊಮ್ಮೆ ಸರಿಹೋಗುತ್ತದೆ, ಆದರೆ ಯಾಕೆ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಪಾಡು.

ನಮ್ಮ ಗುಂಪಿನಲ್ಲಿ ಇಂಥ ರಿಪೇರಿ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಅದರಿಂದ ಕಲಿತದ್ದು ಇಷ್ಟು: ಒಂದು ಕಂಪ್ಯೂಟರ್ ಮಾತ್ರ ನೋಡಿದರೆ ದೋಷ ಸಿಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ವ್ಯತ್ಯಾಸ ಇದೆ ಅಂತ ನೋಡಬೇಕು. ದೋಷ ಬಹುಪಾಲು ಆ ವ್ಯತ್ಯಾಸದಲ್ಲೇ ಕೂತಿರುತ್ತದೆ. ಹಾಗಾಗಿ ಈ ಕೈಪಿಡಿಯನ್ನು ಇಬ್ಬರೂ ಒಟ್ಟಿಗೆ ಓದಿ. ಫೋನ್‌ನಲ್ಲೋ ಡಿಸ್ಕಾರ್ಡ್‌ನಲ್ಲೋ ಮಾತಾಡುತ್ತಾ, ಒಂದೊಂದೇ ಹಂತ ಇಬ್ಬರೂ ಮಾಡುತ್ತಾ ಹೋಗಿ.

ಇಲ್ಲಿ ಹೇಳುವುದು ಮುಖ್ಯವಾಗಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದ ಅಂಗಡಿಯಲ್ಲಿ ಕೊಂಡ ಕಂಪ್ಯೂಟರ್ ಆವೃತ್ತಿಯ ಬಗ್ಗೆ. ಕಂಪ್ಯೂಟರ್ ಇಲ್ಲದೆ ಮೆಟಾದ ಕ್ವೆಸ್ಟ್ ಹೆಡ್‌ಸೆಟ್‌ನಲ್ಲೇ ನೇರವಾಗಿ ಆಡುವ ಗೆಳೆಯರಿಗೆ ಕೊನೆಯಲ್ಲಿ ಒಂದು ಭಾಗ ಇದೆ.

ಯಾವ ಮಾಡ್ ಏನು ಮಾಡುತ್ತದೆ

ಚೆಕ್ ಗಣರಾಜ್ಯದ ಬೀಟ್ ಗೇಮ್ಸ್ ಈ ಆಟವನ್ನು 2018ರ ಮೇ ತಿಂಗಳಲ್ಲಿ ಮೊದಲು ಬಿಟ್ಟಿತು. ಹಲವರು ಒಟ್ಟಿಗೆ ಆಡುವ ವ್ಯವಸ್ಥೆ ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಅದರಲ್ಲಿ ಒಂದು ಲಾಬಿಗೆ ಐದೇ ಜನ. ಜೊತೆಗೆ, ಆಟಗಾರರೇ ಮಾಡಿದ ಹಾಡುಗಳನ್ನು ಅಲ್ಲಿ ಆಡಲು ಬರುವುದಿಲ್ಲ. ಅಂಥ ಹಾಡುಗಳನ್ನು ಹಂಚುವ ಬೀಟ್‌ಸೇವರ್ ತಾಣದಲ್ಲಿ ಇರುವ ಅಷ್ಟೊಂದು ಹಾಡುಗಳನ್ನು ಒಬ್ಬರೇ ಆಡಿಕೊಳ್ಳಬೇಕು. ಈ ಕೊರತೆ ತುಂಬಲು ಬಂದದ್ದೇ ಈ ಮಾಡ್‌ಗಳು.

ಕೆಳಗಿನಿಂದ ಮೇಲಕ್ಕೆ ನೋಡೋಣ. ಎಲ್ಲಕ್ಕಿಂತ ಕೆಳಗೆ ಬಿಎಸ್‌ಐಪಿಎ. ಆಟ ಶುರುವಾಗುವಾಗ ಉಳಿದ ಮಾಡ್‌ಗಳನ್ನು ಒಳಗೆ ಬಿಡುವುದು ಇದರ ಕೆಲಸ. ಅದರ ಮೇಲೆ ಸಿರಾಯುಟಿಲ್, ಬಿಎಸ್‌ಎಂಎಲ್, ಸಾಂಗ್‌ಕೋರ್. ಇವು ಬೇರೆ ಮಾಡ್‌ಗಳಿಗೆ ಆಧಾರ. ಹೊರಗಿನ ಹಾಡುಗಳನ್ನು ಆಟಕ್ಕೆ ಓದಿಸುವುದು ಸಾಂಗ್‌ಕೋರ್. ಆಮೇಲೆ ಮಲ್ಟಿಪ್ಲೇಯರ್‌ಕೋರ್. ಇದು ಆ ಹೊರಗಿನ ಹಾಡುಗಳನ್ನು ಲಾಬಿಯಲ್ಲಿ ಆಡಲು ಬಿಡುತ್ತದೆ, ಯಾರ ಹತ್ತಿರ ಹಾಡು ಇಲ್ಲವೋ ಅವರಿಗೆ ಬೀಟ್‌ಸೇವರ್‌ನಿಂದ ತಾನೇ ಇಳಿಸಿ ಕೊಡುತ್ತದೆ. ಕೊನೆಗೆ ಬೀಟ್‌ಟುಗೆದರ್. ಇದು ಆಟವನ್ನು ಅಧಿಕೃತ ಸರ್ವರ್ ಬಿಟ್ಟು ಮಾಡ್ ಹಾಕಿದವರಿಗಾಗಿಯೇ ಇರುವ ಸರ್ವರ್ ಕಡೆಗೆ ತಿರುಗಿಸುತ್ತದೆ. ಕ್ವೆಸ್ಟ್‌ನಲ್ಲಿ ಆಡುವವರೂ ಕಂಪ್ಯೂಟರ್‌ನಲ್ಲಿ ಆಡುವವರೂ ಒಂದೇ ಲಾಬಿಯಲ್ಲಿ ಸೇರಬಹುದು.

ಈ ಸಾಲನ್ನು ನೆನಪಿಟ್ಟುಕೊಳ್ಳಿ. ಕೆಳಗಿನದು ಕೆಟ್ಟರೆ ಮೇಲಿನದೆಲ್ಲ ಕೆಡುತ್ತದೆ. ಹಾಗಾಗಿ ಹುಡುಕಾಟ ಯಾವಾಗಲೂ ಕೆಳಗಿನಿಂದ ಶುರು.

ಮೊದಲು ದೋಷ ಯಾವ ಹಂತದ್ದು ಅಂತ ಗುರುತಿಸಿ

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಆಟ ತೆರೆಯುತ್ತದೆಯೇ? ತೆರೆದರೆ ಮುಖ್ಯ ಮೆನುವಿನ ಎಡಗಡೆ ಮಾಡ್ಸ್ ಅನ್ನುವ ಗುಂಡಿ ಕಾಣುತ್ತದೆಯೇ? ಕಂಡರೆ ಲಾಬಿ ಸೇರಲು ಆಗುತ್ತದೆಯೇ? ಸೇರಿದರೆ ಹಾಡು ಎಲ್ಲರಿಗೂ ಒಟ್ಟಿಗೆ ಶುರುವಾಗುತ್ತದೆಯೇ?

ಮೊದಲ "ಇಲ್ಲ" ಎಲ್ಲಿ ಬರುತ್ತದೋ ಅಲ್ಲೇ ನಿಲ್ಲಿ. ಲಾಬಿಗೇ ಹೋಗಲಾಗದವರು ಹಾಡಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಇಬ್ಬರೂ ಬೇರೆ ಬೇರೆಯಾಗಿ ಉತ್ತರ ಕೊಡಿ. ಒಬ್ಬರಿಗೆ ಎರಡನೇ ಹಂತದಲ್ಲೇ "ಇಲ್ಲ", ಇನ್ನೊಬ್ಬರಿಗೆ ಮೂರನೆಯದರಲ್ಲಿ "ಇಲ್ಲ" ಅಂತ ಬಂದರೆ ಮೊದಲು ಎರಡನೇ ಹಂತದವರನ್ನು ಸರಿಮಾಡಿ. ಎಷ್ಟೋ ಸಲ ಇನ್ನೊಬ್ಬರದ್ದು ತಾನಾಗೇ ಸರಿಹೋಗಿರುತ್ತದೆ.

ಆಟವೇ ತೆರೆಯದಿದ್ದರೆ

ಆಟದ ಫೋಲ್ಡರ್‌ನಲ್ಲಿ ವಿನ್‌ಎಚ್‌ಟಿಟಿಪಿ ಹೆಸರಿನ ಒಂದು ಡಿಎಲ್‌ಎಲ್ ಫೈಲ್ ಇರುತ್ತದೆ. ಬಿಎಸ್‌ಐಪಿಎ ಆಟದೊಳಗೆ ಬರುವುದು ಈ ಬಾಗಿಲಿನಿಂದ. ಆಟ ಮುಚ್ಚಿ, ಆ ಫೈಲಿನ ಹೆಸರಿಗೆ ಏನಾದರೂ ಸೇರಿಸಿ ಬದಲಿಸಿ, ಮತ್ತೆ ಆಟ ತೆರೆಯಿರಿ. ಈಗ ಒಂದೂ ಮಾಡ್ ಇಲ್ಲದೆ ಆಟ ಶುರುವಾಗುತ್ತದೆ. ಯಾವ ಮಾಡ್ ಕೂಡ ಅಳಿಸಬೇಕಿಲ್ಲ. ಹೆಸರು ವಾಪಸ್ ಹಾಕಿದರೆ ಎಲ್ಲ ಮೊದಲಿನಂತೆ.

ಹೀಗೆ ಮಾಡಿದಾಗಲೂ ಆಟ ತೆರೆಯದಿದ್ದರೆ ದೋಷ ಮಾಡ್‌ನದ್ದಲ್ಲ. ಸ್ಟೀಮ್‌ನಲ್ಲಿ ಆಟದ ಫೈಲ್‌ಗಳನ್ನು ಪರೀಕ್ಷಿಸುವ ಆಯ್ಕೆ ಇದೆ, ಅದನ್ನು ಓಡಿಸಿ. ಆಟ ತೆರೆದರೂ ಹೆಡ್‌ಸೆಟ್‌ನಲ್ಲಿ ಕಾಣದೆ ಬರೀ ಮಾನಿಟರ್‌ನಲ್ಲಿ ಕಾಣುತ್ತಿದ್ದರೆ ಓಪನ್‌ಎಕ್ಸ್‌ಆರ್ ರನ್‌ಟೈಮ್ (ಆಟವನ್ನು ಹೆಡ್‌ಸೆಟ್‌ಗೆ ಜೋಡಿಸುವ ತಂತ್ರಾಂಶ) ನೋಡಿ. 1.29.4 ಆವೃತ್ತಿಯಿಂದ ಆಟ ಓಪನ್‌ಎಕ್ಸ್‌ಆರ್ ಬಳಸುತ್ತದೆ. ಸ್ಟೀಮ್‌ವಿಆರ್ ಮೂಲಕ ಆಡುವವರು ಸ್ಟೀಮ್‌ವಿಆರ್ ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಮುಖ್ಯ ರನ್‌ಟೈಮ್ ಆಗಿ ಆರಿಸಿರಬೇಕು. ಮೆಟಾದ ಕಂಪ್ಯೂಟರ್ ಆ್ಯಪ್ ಮೂಲಕ ಆಡುವವರು ಅದರಲ್ಲಿ. ಎರಡೂ ಇರುವ ಕಂಪ್ಯೂಟರ್‌ನಲ್ಲಿ ಇದು ಆಗಾಗ ಅದಲುಬದಲಾಗುತ್ತದೆ.

ಮಾಡ್ ಇಲ್ಲದೆ ತೆರೆಯುತ್ತದೆ, ಮಾಡ್ ಇದ್ದರೆ ತೆರೆಯುವುದಿಲ್ಲ ಅಂತಾದರೆ ಮುಂದಿನ ಭಾಗಕ್ಕೆ ಬನ್ನಿ.

ಆಟ ತೆರೆಯುತ್ತದೆ, ಮಾಡ್ ಕಾಣುತ್ತಿಲ್ಲ

ಇದಕ್ಕೆ ಮೊದಲ ಕಾರಣ, ಹೆಚ್ಚಿನ ಸಲ ಏಕೈಕ ಕಾರಣ, ಸ್ಟೀಮ್ ಆಟವನ್ನು ತಾನೇ ಅಪ್‌ಡೇಟ್ ಮಾಡಿರುವುದು. ನಿನ್ನೆ ಆಡಿದ್ದೀರಿ, ರಾತ್ರಿ ಅಪ್‌ಡೇಟ್ ಆಗಿದೆ, ಇವತ್ತು ಮಾಡ್ ಒಂದೂ ಇಲ್ಲ. ಆಟದ ಫೋಲ್ಡರ್ ತೆರೆದು ನೋಡಿ. ಓಲ್ಡ್ ಅಂತ ಶುರುವಾಗಿ, ನಡುವೆ ಹಳೆಯ ಆವೃತ್ತಿಯ ಸಂಖ್ಯೆ, ಕೊನೆಗೆ ಪ್ಲಗಿನ್ಸ್ ಅಂತ ಇರುವ ಫೋಲ್ಡರ್ ಕಂಡರೆ ವಿಷಯ ಇಷ್ಟೇ. ಆವೃತ್ತಿ ಬದಲಾದದ್ದನ್ನು ಕಂಡ ಬಿಎಸ್‌ಐಪಿಎ ಹಳೆಯ ಮಾಡ್‌ಗಳನ್ನು ಅಲ್ಲಿಗೆ ಸರಿಸಿದೆ. ಅದು ಒಳ್ಳೆಯ ಕೆಲಸವನ್ನೇ ಮಾಡಿದೆ. ದಯವಿಟ್ಟು ಅವನ್ನು ಎತ್ತಿ ಹೊಸ ಪ್ಲಗಿನ್ಸ್ ಫೋಲ್ಡರ್‌ಗೆ ಹಾಕಬೇಡಿ. ಹಳೆಯ ಆವೃತ್ತಿಗೆ ಬರೆದ ಮಾಡ್ ಹೊಸದರಲ್ಲಿ ಅರ್ಧಂಬರ್ಧ ಓಡುತ್ತದೆ. ಪೂರ್ತಿ ಓಡದೇ ಇರುವುದಕ್ಕಿಂತ ಈ ಅರ್ಧಂಬರ್ಧ ಓಡುವುದೇ ಜಾಸ್ತಿ ತಲೆನೋವು.

ಹೊಸ ಆವೃತ್ತಿ ಬಂದ ದಿನವೇ ಎಲ್ಲ ಮಾಡ್‌ಗಳೂ ಅದಕ್ಕೆ ಸಿದ್ಧವಾಗುವುದಿಲ್ಲ. ಮಾಡ್ ಬರೆಯುವವರು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಕೆಲಸ ಮಾಡುವವರು. ಅದಕ್ಕೇ ಮಾಡ್ ಹಾಕಿ ಆಡುವವರು ಒಂದು ಹಳೆಯ ಆವೃತ್ತಿಯಲ್ಲೇ ನಿಂತಿರುತ್ತಾರೆ. 1.29.1 ಹೀಗೆ ಬಹಳ ಕಾಲ ಕಂಪ್ಯೂಟರ್ ಆಟಗಾರರ ನೆಚ್ಚಿನ ಆವೃತ್ತಿಯಾಗಿತ್ತು.

ಇದಕ್ಕೆ ನಾನು ಎಲ್ಲರಿಗೂ ಹೇಳುವ ಪರಿಹಾರ ಬಿಎಸ್‌ಮ್ಯಾನೇಜರ್. ಇದು ನಿಮ್ಮ ಸ್ಟೀಮ್ ಖಾತೆಯಿಂದಲೇ ನಿಮಗೆ ಬೇಕಾದ ಹಳೆಯ ಆವೃತ್ತಿಯನ್ನು ಇಳಿಸಿ ಬೇರೆ ಫೋಲ್ಡರ್‌ನಲ್ಲಿ ಇಡುತ್ತದೆ. ಸ್ಟೀಮ್ ತನ್ನ ಪ್ರತಿಯನ್ನು ಎಷ್ಟು ಅಪ್‌ಡೇಟ್ ಮಾಡಿಕೊಂಡರೂ ಇದು ಅಲುಗಾಡುವುದಿಲ್ಲ. ಆ ಆವೃತ್ತಿಗೆ ಹೊಂದುವ ಮಾಡ್‌ಗಳನ್ನೂ ಅದರಲ್ಲೇ ಆರಿಸಿ ಹಾಕಬಹುದು. ಗುಂಪಿನಲ್ಲಿ ಎಲ್ಲರೂ ಕೂತು "ನಾವು ಇಂಥ ಆವೃತ್ತಿ" ಅಂತ ಒಂದನ್ನು ನಿರ್ಧರಿಸಿ, ಎಲ್ಲರೂ ಅದನ್ನೇ ಹಾಕಿಕೊಂಡರೆ ಈ ಕೈಪಿಡಿಯ ಅರ್ಧ ನಿಮಗೆ ಬೇಕಾಗುವುದೇ ಇಲ್ಲ.

ಆವೃತ್ತಿ ಸರಿಯಿದ್ದೂ ಮಾಡ್ ಕಾಣದಿದ್ದರೆ, ಆ ಡಿಎಲ್‌ಎಲ್ ಫೈಲ್ ಇದ್ದ ಜಾಗದಲ್ಲಿ ಇದೆಯೇ ನೋಡಿ. ಕೆಲವು ಆ್ಯಂಟಿವೈರಸ್‌ಗಳು ಅದನ್ನು ಅನುಮಾನದಿಂದ ತೆಗೆದು ಬೇರೆ ಕಡೆ ಇಡುತ್ತವೆ. ಆಟದ ಫೋಲ್ಡರ್‌ಗೆ ವಿನಾಯಿತಿ ಕೊಟ್ಟು ಬಿಎಸ್‌ಐಪಿಎ ಮತ್ತೆ ಹಾಕಿ. ಲಿನಕ್ಸ್‌ನಲ್ಲಿ ಪ್ರೋಟಾನ್ (ವಿಂಡೋಸ್ ಆಟಗಳನ್ನು ಅಲ್ಲಿ ಓಡಿಸುವ ಸಲಕರಣೆ) ಮೂಲಕ ಆಡುವವರಾದರೆ, ಅದರೊಳಗಿನ ವೈನ್ ತನ್ನದೇ ವಿನ್‌ಎಚ್‌ಟಿಟಿಪಿ ಬಳಸಿಬಿಡುತ್ತದೆ. ಆಟದ ಫೋಲ್ಡರ್‌ನಲ್ಲಿರುವುದಕ್ಕೆ ಮೊದಲ ಆದ್ಯತೆ ಕೊಡು ಅಂತ ಸ್ಟೀಮ್ ಲಾಂಚ್ ಆಯ್ಕೆಯಲ್ಲಿ ವೈನ್ ಓವರ್‌ರೈಡ್ ಬರೆಯಬೇಕು.

ಲಾಗ್ ಓದುವುದು

ಲಾಗ್ ಅಂದರೆ ಹೆದರುವವರು ಬಹಳ. ಹೆದರಬೇಕಿಲ್ಲ. ಆಟದ ಫೋಲ್ಡರ್‌ನಲ್ಲಿ ಲಾಗ್ಸ್ ಅನ್ನುವ ಇನ್ನೊಂದು ಫೋಲ್ಡರ್ ಇದೆ. ಅದರಲ್ಲಿ ಲೇಟೆಸ್ಟ್ ಅನ್ನುವ ಫೈಲ್ ಅಂದರೆ ನೀವು ಕೊನೆಯ ಸಲ ಆಡಿದ್ದರ ದಾಖಲೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.

ಪ್ರತಿ ಸಾಲಿನ ಮೊದಲಿಗೆ ಚೌಕ ಆವರಣದಲ್ಲಿ ಮೂರು ವಿಷಯ ಇರುತ್ತವೆ: ಸಾಲಿನ ದರ್ಜೆ, ಗಂಟೆ-ನಿಮಿಷ-ಸೆಕೆಂಡು, ಆ ಸಾಲು ಬರೆದ ಮಾಡ್‌ನ ಹೆಸರು. ದರ್ಜೆ ಡೀಬಗ್ ಅಥವಾ ಇನ್ಫೋ ಅಂತಿದ್ದರೆ ಬಿಟ್ಟುಬಿಡಿ. ವಾರ್ನಿಂಗ್ ಇದ್ದರೆ ಒಮ್ಮೆ ಕಣ್ಣಾಡಿಸಿ. ಎರರ್ ಅಥವಾ ಕ್ರಿಟಿಕಲ್ ಇದ್ದರೆ ನಿಲ್ಲಿ. ನೋಟ್‌ಪ್ಯಾಡ್‌ನಲ್ಲಿ ಎರರ್ ಅಂತ ಹುಡುಕಿ, ಮೊದಲು ಸಿಗುವುದನ್ನು ಓದಿ. ಕೊನೆಯದನ್ನಲ್ಲ. ಒಂದು ಮಾಡ್ ಬಿದ್ದರೆ ಅದನ್ನು ನಂಬಿದ ಐದಾರು ಮಾಡ್‌ಗಳೂ ಒಂದರ ಹಿಂದೆ ಒಂದು ಬೀಳುತ್ತವೆ, ಪ್ರತಿಯೊಂದೂ ತನ್ನ ಗೋಳು ಬರೆಯುತ್ತದೆ. ಅವೆಲ್ಲ ಪರಿಣಾಮ ಮಾತ್ರ. ಕಾರಣ ಮೇಲೆಲ್ಲೋ ಇರುತ್ತದೆ.

ಲಾಗ್‌ನ ಮೊದಲ ಭಾಗದಲ್ಲೇ ಆಟದ ಆವೃತ್ತಿ ಬರೆದಿರುತ್ತದೆ. ನಂತರ ಯಾವ ಯಾವ ಮಾಡ್ ಯಾವ ಆವೃತ್ತಿಯದು ಅಂತ ಪಟ್ಟಿ ಬರುತ್ತದೆ. ಯಾವುದನ್ನಾದರೂ ಒಳಗೆ ಬಿಟ್ಟಿಲ್ಲದಿದ್ದರೆ, ಇಂಥ ಆಧಾರ ಮಾಡ್ ಸಿಗಲಿಲ್ಲ ಅಥವಾ ಅದರ ಆವೃತ್ತಿ ಸಾಲದು ಅಂತ ಕಾರಣವೂ ಸಿಗುತ್ತದೆ. ಬೀಟ್‌ಟುಗೆದರ್ ಬಂದಿಲ್ಲ ಅಂತ ಅದನ್ನೇ ಮತ್ತೆ ಮತ್ತೆ ಹಾಕುತ್ತಾ ಕೂರುವವರನ್ನು ನೋಡಿದ್ದೇನೆ. ಲಾಗ್ ನೋಡಿದರೆ ಇಲ್ಲದಿರುವುದು ಸಿರಾಯುಟಿಲ್.

ಈಗ ಇಬ್ಬರ ಲಾಗ್‌ನ ಆ ಪಟ್ಟಿಯನ್ನೂ ಪಕ್ಕಪಕ್ಕ ಇಡಿ. ಇಡೀ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಬಾಳುವ ಹತ್ತು ನಿಮಿಷ ಇನ್ನೊಂದಿಲ್ಲ. ಮೂರು ಸಾಲು ನೋಡಿದರೆ ಸಾಕು: ಆಟದ ಆವೃತ್ತಿ, ಮಲ್ಟಿಪ್ಲೇಯರ್‌ಕೋರ್ ಆವೃತ್ತಿ, ಬೀಟ್‌ಟುಗೆದರ್ ಆವೃತ್ತಿ. ಮೂರೂ ಇಬ್ಬರಲ್ಲೂ ಒಂದೇ ಇದ್ದರೆ ಮುಂದೆ ಹೋಗಿ. ಬೇರೆ ಇದ್ದರೆ ಮೊದಲು ಅದನ್ನು ಒಂದು ಮಾಡಿ, ಆಮೇಲೆ ಬೇರೆ ಮಾತು.

ಒಂದು ಅನುಕೂಲದ ವಿಷಯ. ಇಷ್ಟಕ್ಕೆಲ್ಲ ಹೆಡ್‌ಸೆಟ್ ಹಾಕಿ ತೆಗೆಯುತ್ತಾ ಇರಬೇಕಿಲ್ಲ. ಲಾಂಚ್ ಆಯ್ಕೆಯಲ್ಲಿ ಎಫ್‌ಪಿಎಫ್‌ಸಿ (fpfc) ಅನ್ನುವ ಇಂಗ್ಲಿಷಿನ ನಾಲ್ಕು ಸಣ್ಣ ಅಕ್ಷರ ಬರೆದರೆ ಆಟ ಮಾನಿಟರ್‌ನಲ್ಲೇ ತೆರೆಯುತ್ತದೆ, ಮೌಸ್‌ನಿಂದ ಮೆನು ಒತ್ತಬಹುದು. ಹೊಸ ಆವೃತ್ತಿಗಳಲ್ಲಿ ಇದಕ್ಕೆ ಸಿರಾಯುಟಿಲ್ ಬೇಕು. ಲಾಬಿ ಸೇರಲು ಆಗುತ್ತದೆಯೇ ಅಂತ ನೋಡಲು ಇಷ್ಟು ಸಾಕು. ಮುಗಿದ ಮೇಲೆ ಆ ಅಕ್ಷರ ತೆಗೆಯುವುದನ್ನು ಮರೆಯಬೇಡಿ.

ಲಾಬಿ ಸೇರಲು ಆಗುತ್ತಿಲ್ಲ

"ಲೋ, ಲಾಬಿ ಕೋಡ್ ಹಾಕಿದ್ರೆ ಅಂಥ ಸರ್ವರ್ರೇ ಇಲ್ಲ ಅಂತಿದೆ ಕಣೋ." ಈ ಮಾತು ಕೇಳಿದ ಕೂಡಲೇ ನಾನು ಕೇಳುವುದು: ಆನ್‌ಲೈನ್ ಮೆನುವಿನಲ್ಲಿ ಯಾವ ಸರ್ವರ್ ಆರಿಸಿದ್ದೀಯ? ಬೀಟ್‌ಟುಗೆದರ್ ಹಾಕಿದ ಮೇಲೆ ಅಲ್ಲಿ ಸರ್ವರ್ ಬದಲಿಸುವ ಆಯ್ಕೆ ಬರುತ್ತದೆ. ಒಬ್ಬರು ಅಧಿಕೃತ ಸರ್ವರ್‌ನಲ್ಲಿ ಲಾಬಿ ಮಾಡಿ, ಇನ್ನೊಬ್ಬರು ಬೀಟ್‌ಟುಗೆದರ್‌ನಲ್ಲಿ ಆ ಕೋಡ್ ಹುಡುಕಿದರೆ ಸಿಗುವುದಾದರೂ ಹೇಗೆ? ಇಬ್ಬರೂ ಆ ಸಾಲನ್ನು ಜೋರಾಗಿ ಓದಿ ಹೇಳಿ. "ಸರಿಯಾಗೇ ಇದೆ" ಅನ್ನುವ ಉತ್ತರ ಒಪ್ಪಬೇಡಿ. ಕಣ್ಣೆದುರು ಇರುವುದನ್ನೇ ಓದಿಸಿ.

ಕೋಡ್ ಓದುವಾಗಲೂ ಹುಷಾರು. ಫೋನ್‌ನಲ್ಲಿ ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳುತ್ತವೆ. ಮೆಸೇಜ್ ಮಾಡಿಬಿಡಿ. ಲಾಬಿ ಮಾಡಿದವರು ಹೊರಗೆ ಬಂದು ಮತ್ತೆ ಮಾಡಿದರೆ ಕೋಡ್ ಹೊಸದು. ಹಳೆಯ ಮೆಸೇಜ್ ನೋಡಿ ಹಾಕಿದರೆ ಆಗುವುದಿಲ್ಲ.

ಸರ್ವರ್ ಒಂದೇ, ಕೋಡ್ ಸರಿ, ಆದರೂ ಆಗುತ್ತಿಲ್ಲ. ಈಗ ಬೇರೆ ಯಾರಾದರೂ ಅದೇ ಸರ್ವರ್‌ನಲ್ಲಿ ಆಡುತ್ತಿದ್ದಾರೆಯೇ ನೋಡಿ. ಇಬ್ಬರಿಗೂ ಆಗುತ್ತಿಲ್ಲ ಅಂದರೆ ಸರ್ವರ್‌ನದ್ದೇ ತೊಂದರೆ ಇರಬಹುದು. ಸ್ವಯಂಸೇವಕರು ನಡೆಸುವ ಸರ್ವರ್, ಒಮ್ಮೊಮ್ಮೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ನಿಮ್ಮ ಕಡೆ ಏನೂ ಬದಲಿಸಬೇಡಿ. ಸರಿಯಿದ್ದದ್ದನ್ನು ಕೆಡಿಸಿಕೊಳ್ಳುವುದು ಇಂಥ ಹೊತ್ತಿನಲ್ಲೇ.

ಒಬ್ಬರಿಗೆ ಆಗುತ್ತದೆ, ಒಬ್ಬರಿಗೆ ಇಲ್ಲ ಅಂತಾದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಆಟದ ನಿಜವಾದ ಮಾತುಕತೆ ಯುಡಿಪಿ ಅನ್ನುವ, ಮಾಹಿತಿ ಕಳಿಸುವ ವಿಧಾನದಲ್ಲಿ ನಡೆಯುತ್ತದೆ. ಹೊಸ ಆವೃತ್ತಿಗಳಲ್ಲಿ ಮೊದಲು ವೆಬ್ ಪುಟದ ಹಾಗೇ ಒಂದು ವಿನಂತಿ ಹೋಗಿ ಯಾವ ಸರ್ವರ್‌ಗೆ ಹೋಗಬೇಕು ಅಂತ ತಿಳಿಯುತ್ತದೆ, ಆಮೇಲೆ ಯುಡಿಪಿ ಶುರು. ಹಾಸ್ಟೆಲ್, ಪಿಜಿ, ಆಫೀಸಿನ ವೈಫೈಗಳಲ್ಲಿ ವೆಬ್ ಬಿಟ್ಟು ಉಳಿದದ್ದನ್ನು ತಡೆದಿರುವುದು ಸಾಮಾನ್ಯ. ಅಲ್ಲಿ ಮೆನು ಚೆನ್ನಾಗಿ ಕಾಣುತ್ತದೆ, ಸರ್ವರ್ ಇದೆ ಅಂತಲೂ ತೋರಿಸುತ್ತದೆ, ಒಳಗೆ ಹೋಗುವಾಗ ಮಾತ್ರ ಸುತ್ತುತ್ತಾ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಕಂಪ್ಯೂಟರ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಒಮ್ಮೆ ಸೇರಿ ನೋಡಿ. ಹಾಟ್‌ಸ್ಪಾಟ್‌ನಲ್ಲಿ ಆಯಿತು, ಮನೆಯ ವೈಫೈನಲ್ಲಿ ಆಗಲಿಲ್ಲ ಅಂದರೆ ರೂಟರ್ ಅಥವಾ ಆ ಸಂಪರ್ಕದ ಮೇಲೆ ಗಮನ ಕೊಡಿ. ಎರಡರಲ್ಲೂ ಆಗಲಿಲ್ಲ ಅಂದರೆ ಕಂಪ್ಯೂಟರ್‌ನ ಒಳಗೇ ಹುಡುಕಿ: ಬೇರೆ ಕಂಪನಿಯ ಆ್ಯಂಟಿವೈರಸ್‌ನ ಫೈರ್‌ವಾಲ್, ಹಾಕಿ ಮರೆತ ವಿಪಿಎನ್. ವಿಂಡೋಸ್‌ನ ಫೈರ್‌ವಾಲ್ ಹೊರಗೆ ಹೋಗುವುದನ್ನು ಮಾಮೂಲಾಗಿ ತಡೆಯುವುದಿಲ್ಲ, ಹಾಗಾಗಿ ಅದನ್ನು ಪೂರ್ತಿ ಆಫ್ ಮಾಡುವ ಅಗತ್ಯ ಇಲ್ಲ. ಗಡಿಯಾರವನ್ನೂ ನೋಡಿ. ಕಂಪ್ಯೂಟರ್‌ನ ದಿನಾಂಕ ತಪ್ಪಿದ್ದರೆ ಸುರಕ್ಷಿತ ಸಂಪರ್ಕಗಳು ಕೂಡುವುದಿಲ್ಲ.

ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಗೆಳೆಯರಲ್ಲಿ ಒಬ್ಬರ ಕಂಪ್ಯೂಟರ್ ಸರ್ವರ್ ಆಗುವ ಆಟಗಳಿಗೆ ಅದು ಬೇಕಾಗಬಹುದು. ಇಲ್ಲಿ ಎಲ್ಲರೂ ಹೊರಗಿನ ಸರ್ವರ್‌ಗೆ ಹೋಗಿ ಸೇರುತ್ತಾರೆ. ಒಂದೇ ಐಪಿ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುವ ಸಂಪರ್ಕ ಇದ್ದರೂ ಇದಕ್ಕೆ ಅಡ್ಡಿಯಿಲ್ಲ.

ಪರದೆಯ ಮೇಲೆ ಸಿಎಫ್‌ಆರ್ ಅಂತ ಶುರುವಾಗಿ ಒಂದು ಸಂಖ್ಯೆ ಬಂದರೆ ಅದನ್ನು ಬರೆದುಕೊಳ್ಳಿ. ಸೇರಲು ಆಗದ ಕಾರಣದ ಗುರುತು ಅದು. ಇಬ್ಬರಿಗೂ ಒಂದೇ ಸಂಖ್ಯೆ ಬರುತ್ತಿದೆಯೇ, ಬೇರೆ ಬೇರೆಯೇ ಅನ್ನುವುದೂ ಒಂದು ಸುಳಿವು.

ಲಾಬಿಯಲ್ಲಿ ಎಲ್ಲರೂ ಇದ್ದಾರೆ, ಹಾಡು ಶುರುವಾಗುತ್ತಿಲ್ಲ

ನನಗೆ ಅತ್ಯಂತ ಆಸಕ್ತಿಯ ಭಾಗ ಇದು. ನಿಜವಾಗಿ ವಿಚಿತ್ರ ಅನಿಸುವ ದೋಷಗಳು ಇಲ್ಲೇ ಹುಟ್ಟುತ್ತವೆ.

ನಿಮ್ಮ ಹತ್ತಿರ ಇರುವ ಹಾಡೂ ಗೆಳೆಯರ ಹತ್ತಿರ ಇರುವ ಹಾಡೂ ಒಂದೇ ಅಂತ ಆಟಕ್ಕೆ ಹೇಗೆ ಗೊತ್ತಾಗುತ್ತದೆ? ಹೆಸರಿನಿಂದ ಅಲ್ಲ. ಹಾಡಿನ ಫೋಲ್ಡರ್‌ನಲ್ಲಿ ಇನ್ಫೋ ಅನ್ನುವ ಒಂದು ಫೈಲ್, ಪ್ರತಿ ಕಷ್ಟದ ಮಟ್ಟಕ್ಕೂ ಒಂದೊಂದು ಫೈಲ್ ಇರುತ್ತವೆ. ಇವನ್ನೆಲ್ಲ ಸೇರಿಸಿ ಎಸ್‌ಎಚ್‌ಎ-1 ಲೆಕ್ಕ ಹಾಕಿದರೆ 40 ಅಕ್ಷರದ ಒಂದು ಹ್ಯಾಶ್ ಬರುತ್ತದೆ. ಆ ಹ್ಯಾಶೇ ಹಾಡಿನ ಗುರುತು. ಲಾಬಿಯಲ್ಲಿ ಹಾಡು ಆರಿಸಿದಾಗ ಉಳಿದವರಿಗೆ ಹೋಗುವುದು ಆ ಗುರುತು. ಅವರ ಹತ್ತಿರ ಅದೇ ಹ್ಯಾಶ್‌ನ ಹಾಡು ಇದ್ದರೆ ಸರಿ, ಇಲ್ಲದಿದ್ದರೆ ಮಲ್ಟಿಪ್ಲೇಯರ್‌ಕೋರ್ ಅದನ್ನು ಬೀಟ್‌ಸೇವರ್‌ನಲ್ಲಿ ಹುಡುಕುತ್ತದೆ.

ಇದರ ಪರಿಣಾಮ ನೋಡಿ. ಒಬ್ಬರು ಹಾಡಿನ ಹೆಸರು ಇಂಗ್ಲಿಷ್‌ನಲ್ಲಿ ತಪ್ಪಾಗಿದೆ ಅಂತ ಇನ್ಫೋ ಫೈಲ್ ತೆರೆದು ಕನ್ನಡದಲ್ಲಿ ಚೆಂದವಾಗಿ ಬರೆದರು ಅಂತಿಟ್ಟುಕೊಳ್ಳಿ. ನೋಟ್ಸ್, ಅಂದರೆ ಕತ್ತರಿಸುವ ಬ್ಲಾಕ್‌ಗಳು, ಒಂದೂ ಬದಲಾಗಿಲ್ಲ. ಒಬ್ಬರೇ ಆಡಿದರೆ ಎಲ್ಲ ಸರಿ. ಆದರೆ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆ. ಈಗ ಅವರು ಲಾಬಿಯಲ್ಲಿ ಆ ಹಾಡು ಆರಿಸಿದರೆ, ಆ ಹ್ಯಾಶ್ ಗೆಳೆಯರ ಹತ್ತಿರವೂ ಇಲ್ಲ, ಬೀಟ್‌ಸೇವರ್‌ನಲ್ಲೂ ಇಲ್ಲ. "ನನ್ನ ಹತ್ರ ಈ ಹಾಡು ಇದೆಯಲ್ಲೋ, ಯಾಕೆ ಇಲ್ಲ ಅಂತಿದೆ" ಅಂತ ಗೆಳೆಯರು ಕೇಳುತ್ತಾರೆ. ಇಬ್ಬರೂ ಹೇಳುವುದು ನಿಜವೇ.

ಹಾಡು ಮಾಡಿದವರೇ ಬೀಟ್‌ಸೇವರ್‌ನಲ್ಲಿ ಅದನ್ನು ತಿದ್ದಿ ಹಾಕಿದರೂ ಹೀಗೆ ಆಗುತ್ತದೆ. ನೀವು ಹೋದ ವರ್ಷ ಇಳಿಸಿದ್ದು ಹಳೆಯದು, ಅವರು ನಿನ್ನೆ ಇಳಿಸಿದ್ದು ಹೊಸದು. ಪರಿಹಾರ: ಇಬ್ಬರೂ ಆ ಹಾಡಿನ ಫೋಲ್ಡರ್ ಅಳಿಸಿ ಮತ್ತೆ ಇಳಿಸಿ.

ಇನ್ನೊಂದು ಸೂಕ್ಷ್ಮ. ಈ ಹ್ಯಾಶ್ ಲೆಕ್ಕದಲ್ಲಿ ಹಾಡಿನ ಧ್ವನಿಯ ಫೈಲ್ ಬರುವುದಿಲ್ಲ. ಒಬ್ಬರು ಧ್ವನಿ ಚೆನ್ನಾಗಿಲ್ಲ ಅಂತ ಬೇರೆ ಕಡೆಯಿಂದ ತಂದು ಹಾಕಿಕೊಂಡಿದ್ದರೆ ಆಟ ಅದನ್ನು ಗುರುತಿಸುವುದಿಲ್ಲ. ಹಾಡು ಶುರುವಾಗುತ್ತದೆ, ಒಬ್ಬರಿಗೆ ಮಾತ್ರ ತಾಳ ಹಿಂದುಮುಂದು. ಅವರು ನೆಟ್‌ವರ್ಕ್ ಬೈಯುತ್ತಾರೆ, ಆದರೆ ತೊಂದರೆ ಅವರದೇ ಫೋಲ್ಡರ್‌ನಲ್ಲಿ. ಒಂದೇ ಹಾಡಿನಲ್ಲಿ ಒಬ್ಬರಿಗೆ ಮಾತ್ರ ತಾಳ ತಪ್ಪಿದರೆ ಮೊದಲು ಈ ಅನುಮಾನ ಬರಲಿ.

ನೀವೇ ಮಾಡಿದ ಹಾಡು ಬೀಟ್‌ಸೇವರ್‌ಗೆ ಹಾಕಿಲ್ಲದಿದ್ದರೆ ಅದು ತಾನಾಗಿ ಗೆಳೆಯರಿಗೆ ಇಳಿಯುವುದಿಲ್ಲ. ಫೋಲ್ಡರನ್ನು ಇದ್ದ ಹಾಗೇ ಜಿಪ್ ಮಾಡಿ ಕಳಿಸಿ, ಅವರು ಕಸ್ಟಮ್ ಲೆವೆಲ್ಸ್ ಫೋಲ್ಡರ್‌ಗೆ ಬಿಚ್ಚಲಿ. ಇಬ್ಬರೂ ಅದರಲ್ಲಿ ಏನೂ ಮುಟ್ಟಬಾರದು. ಅದು ಇನ್ನೂ ಕಸ್ಟಮ್ ಡಬ್ಲ್ಯೂಐಪಿ ಫೋಲ್ಡರ್‌ನಲ್ಲಿ ಇದ್ದರೆ ಅಲ್ಲಿಂದ ಹೊರಗೆ ತನ್ನಿ. ಅದು ಅರ್ಧ ಆದ ಹಾಡುಗಳ ಜಾಗ, ಅಲ್ಲಿನವನ್ನು ಅಭ್ಯಾಸದ ರೀತಿಯಲ್ಲಿ ಮಾತ್ರ ಆಡಬಹುದು.

ಹಾಡು ಇಳಿಯುವುದೇ ನಿಧಾನ ಆದರೆ, ಅಥವಾ ಯಾವ ಹಾಡೂ ಇಳಿಯದಿದ್ದರೆ, ಬ್ರೌಸರ್‌ನಲ್ಲಿ ಬೀಟ್‌ಸೇವರ್ ತೆರೆದು ಒಂದು ಹಾಡು ಇಳಿಸಿ ನೋಡಿ. ಅಲ್ಲೂ ಆಗದಿದ್ದರೆ ಆಟದ ತಪ್ಪಲ್ಲ, ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ) ಬದಲಿಸಿ ನೋಡಿ. ನಾವು ಮಾಡುವುದು, ರಾತ್ರಿ ಆಡುವ ಹಾಡುಗಳ ಪಟ್ಟಿಯನ್ನು ಸಂಜೆಯೇ ಹಂಚಿಕೊಂಡು ಎಲ್ಲರೂ ಮೊದಲೇ ಇಳಿಸಿಕೊಳ್ಳುವುದು. ಆಡುವ ಹೊತ್ತಿಗೆ ಕಾಯುವ ಗೋಜಿಲ್ಲ.

ಕೆಲವು ಹಾಡುಗಳಿಗೆ ನೂಡಲ್ ಎಕ್ಸ್‌ಟೆನ್ಷನ್ಸ್, ಮ್ಯಾಪಿಂಗ್ ಎಕ್ಸ್‌ಟೆನ್ಷನ್ಸ್ ಥರದ ಬೇರೆ ಮಾಡ್ ಬೇಕು. ಅದು ಹಾಡಿನ ವಿವರದಲ್ಲೇ ಇರುತ್ತದೆ. ಒಬ್ಬರ ಹತ್ತಿರ ಇಲ್ಲದಿದ್ದರೂ ಆ ಹಾಡು ಬಿಟ್ಟುಬಿಡಿ. ಹಾಗೇ ದುಡ್ಡು ಕೊಟ್ಟು ಕೊಳ್ಳುವ ಅಧಿಕೃತ ಹಾಡುಗಳನ್ನು ಎಲ್ಲರೂ ಕೊಂಡಿರಬೇಕು. ಮಾಡ್ ಅದಕ್ಕೆ ಅಡ್ಡದಾರಿ ಅಲ್ಲ, ಆಗಲೂ ಬಾರದು.

ಆಡುವಾಗ ತೊದಲುತ್ತದೆ

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಗೆಳೆಯ ಕ್ಯಾಲಿಫೋರ್ನಿಯಾದಲ್ಲಿ ಇದ್ದಾನೆ, ಅದಕ್ಕೇ ನನ್ನ ನೋಟ್ಸ್ ತೊದಲುತ್ತಿದೆ ಅಂತ. ಹಾಗಾಗುವುದಿಲ್ಲ. ಬೀಟ್ ಸೇಬರ್‌ನಲ್ಲಿ ನಿಮ್ಮ ಮುಂದೆ ಬರುವ ಬ್ಲಾಕ್‌ಗಳೂ, ನಿಮ್ಮ ಹೊಡೆತದ ಲೆಕ್ಕವೂ ನಿಮ್ಮ ಕಂಪ್ಯೂಟರ್‌ನಲ್ಲೇ ಆಗುತ್ತವೆ. ಗೆಳೆಯರಿಂದ ಬರುವುದು ಅವರ ಕೈ-ತಲೆಯ ಚಲನೆ ಮತ್ತು ಅಂಕ ಮಾತ್ರ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ನೇರ ತಂತಿ ಇದ್ದರೂ ಹೋಗಿ ಬರಲು 140 ಮಿಲಿಸೆಕೆಂಡ್ ಬೇಕೇ ಬೇಕು, ನಿಜದಲ್ಲಿ ಇನ್ನೂ ಜಾಸ್ತಿ. ಯಾವ ಮಾಡ್‌ನಿಂದಲೂ ಇದನ್ನು ಕಡಿಮೆ ಮಾಡಲು ಆಗುವುದಿಲ್ಲ. ಅದರಿಂದ ಗೆಳೆಯನ ಕೈ ತಡವಾಗಿ ಬೀಸಿದ ಹಾಗೆ ಕಾಣುತ್ತದೆ, ಅಷ್ಟೇ. ಆಟಕ್ಕೆ ತೊಂದರೆಯಿಲ್ಲ. ಮೈಸೂರು, ಹುಬ್ಬಳ್ಳಿ, ಕ್ಯಾಲಿಫೋರ್ನಿಯಾದ ಸನ್ನಿವೇಲ್ ಎಲ್ಲ ಒಂದೇ ಲಾಬಿಯಲ್ಲಿ ಸೇರಿ ಆಡಬಹುದಾದ ಆಟ ಇದು, ಅದೇ ಇದರ ಸೊಗಸು.

ಹಾಗಾಗಿ ನಿಯಮ ಸರಳ. ಗೆಳೆಯರು ಮಾತ್ರ ತೊದಲಿದರೆ ಸಂಪರ್ಕ ನೋಡಿ. ನಿಮ್ಮದೇ ಬ್ಲಾಕ್‌ಗಳು ತೊದಲಿದರೆ ನಿಮ್ಮ ಕಂಪ್ಯೂಟರ್ ನೋಡಿ. 90 ಹರ್ಟ್ಸ್ ಹೆಡ್‌ಸೆಟ್‌ಗೆ ಒಂದು ಚಿತ್ರ ತಯಾರಿಸಲು ಸಿಗುವುದು 11 ಮಿಲಿಸೆಕೆಂಡ್, 120 ಹರ್ಟ್ಸ್ ಆದರೆ 8 ಚಿಲ್ಲರೆ. ಲಾಬಿಯಲ್ಲಿ ಜನ ಹೆಚ್ಚಾದಷ್ಟೂ ಅವರ ಅವತಾರ, ಕತ್ತಿ, ಬೆಳಕು ಎಲ್ಲವನ್ನೂ ಇಷ್ಟರಲ್ಲೇ ಬಿಡಿಸಬೇಕು. ಒಬ್ಬರೇ ಆಡುವಾಗ ಸರಿಯಿದ್ದು ಗುಂಪಿನಲ್ಲಿ ಮಾತ್ರ ತೊದಲಿದರೆ ಗ್ರಾಫಿಕ್ಸ್ ಮಟ್ಟ ಇಳಿಸಿ, ಅಲಂಕಾರದ ಮಾಡ್‌ಗಳನ್ನು ತೆಗೆದು ನೋಡಿ.

ಕ್ವೆಸ್ಟನ್ನು ವೈಫೈ ಮೂಲಕ ಕಂಪ್ಯೂಟರ್‌ಗೆ ಜೋಡಿಸಿ ಆಡುವವರಿಗೆ ಇನ್ನೊಂದು ಇದೆ. ಆಟದ ವಿಡಿಯೋ, ಹಾಡು ಇಳಿಸುವುದು, ಡಿಸ್ಕಾರ್ಡ್ ಎಲ್ಲವೂ ಅದೇ ವೈಫೈ ಮೇಲೆ. ಕಂಪ್ಯೂಟರನ್ನು ರೂಟರ್‌ಗೆ ತಂತಿಯಲ್ಲೇ ಜೋಡಿಸಿ, ಹೆಡ್‌ಸೆಟ್ ಮಾತ್ರ 5 ಗಿಗಾಹರ್ಟ್ಸ್ ವೈಫೈನಲ್ಲಿ ಇರಲಿ. ಆಡುವ ಜಾಗ ರೂಟರ್ ಇರುವ ಕೋಣೆಯಲ್ಲೇ ಆದರೆ ಒಳ್ಳೆಯದು.

ಕ್ವೆಸ್ಟ್‌ನಲ್ಲೇ ಆಡುವ ಗೆಳೆಯರಿಗೆ

ಕ್ವೆಸ್ಟ್‌ನ ಮಾಡ್‌ಗಳು ಬೇರೆ ಫೈಲ್‌ಗಳು, ಕಂಪ್ಯೂಟರ್ ಮಾಡ್ ಅಲ್ಲಿ ಓಡುವುದಿಲ್ಲ. ಹೆಡ್‌ಸೆಟ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಯುಎಸ್‌ಬಿ ಕೇಬಲ್ ಹಾಕಿ, ಕ್ರೋಮ್ ಬ್ರೌಸರ್‌ನಲ್ಲಿ ಮಾಡ್ಸ್ ಬಿಫೋರ್ ಫ್ರೈಡೇ ಪುಟದಿಂದಲೇ ಮಾಡ್ ಹಾಕಬಹುದು. ಕೇಬಲ್ ಹಾಕಿದರೂ ಗುರುತಿಸದಿದ್ದರೆ ಹೆಡ್‌ಸೆಟ್ ತಲೆಗೆ ಹಾಕಿ ನೋಡಿ. ಅನುಮತಿ ಕೇಳುವ ಪೆಟ್ಟಿಗೆ ಒಳಗೆ ಕಾಯುತ್ತಿರುತ್ತದೆ. ಬರೀ ಚಾರ್ಜ್ ಮಾಡುವ ಕೇಬಲ್ ಆಗಿದ್ದರೂ ಆಗುವುದಿಲ್ಲ.

ಹೆಡ್‌ಸೆಟ್ ಕೂಡ ಆಟವನ್ನು ತಾನೇ ಅಪ್‌ಡೇಟ್ ಮಾಡಿಬಿಡಬಹುದು. ಮಾಡ್ ಹಾಕಿದ ಮೇಲೆ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆಯನ್ನು ಆಫ್ ಮಾಡಿ ಇಡಿ. ಕಂಪ್ಯೂಟರ್ ಗೆಳೆಯರ ಜೊತೆ ಸೇರಬೇಕಾದರೆ ಇಬ್ಬರ ಆಟದ ಆವೃತ್ತಿಯೂ ಒಂದೇ ಇದ್ದರೆ ನಿಶ್ಚಿಂತೆ. ಕ್ವೆಸ್ಟ್‌ನಲ್ಲಿ ಮಾಡ್‌ಗೆ ಸಿದ್ಧವಿರುವ ಆವೃತ್ತಿಗಳು ಕಡಿಮೆ, ಆದ್ದರಿಂದ ಮೊದಲು ಕ್ವೆಸ್ಟ್‌ನವರು ಆವೃತ್ತಿ ಹೇಳಲಿ, ಕಂಪ್ಯೂಟರ್‌ನವರು ಬಿಎಸ್‌ಮ್ಯಾನೇಜರ್‌ನಲ್ಲಿ ಅದನ್ನೇ ಇಳಿಸಿಕೊಳ್ಳಲಿ. ಉಲ್ಟಾ ಮಾಡಲು ಹೋದರೆ ಒದ್ದಾಟ.

ಏನೂ ಸಿಗದಿದ್ದರೆ

ಪ್ಲಗಿನ್ಸ್ ಫೋಲ್ಡರ್‌ನಲ್ಲಿ ಮೇಲೆ ಹೇಳಿದ ಮುಖ್ಯ ಮಾಡ್‌ಗಳನ್ನು ಮಾತ್ರ ಬಿಟ್ಟು ಉಳಿದದ್ದನ್ನು ಹೊರಗಿಡಿ. ಲಾಬಿ ಸೇರಿ ನೋಡಿ. ಸರಿಹೋದರೆ ಹೊರಗಿಟ್ಟದ್ದರಲ್ಲಿ ಅರ್ಧ ವಾಪಸ್ ಹಾಕಿ ನೋಡಿ. ಮತ್ತೆ ಕೆಟ್ಟರೆ ಕಳ್ಳ ಈ ಅರ್ಧದಲ್ಲಿ, ಇಲ್ಲದಿದ್ದರೆ ಆ ಅರ್ಧದಲ್ಲಿ. 32 ಮಾಡ್ ಇದ್ದರೂ ಹೀಗೆ ಐದು ಸಲ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ. ಯೂಸರ್‌ಡೇಟಾ ಫೋಲ್ಡರನ್ನು ಮಾತ್ರ ಅಳಿಸಬೇಡಿ. ಮಾಡ್‌ಗಳ ನಿಮ್ಮ ಸೆಟ್ಟಿಂಗ್ಸ್ ಎಲ್ಲ ಅದರಲ್ಲಿವೆ. ಬೇಕಾದರೆ ಹೆಸರು ಬದಲಿಸಿ ಪರೀಕ್ಷೆ ಮಾಡಿ.

ಅದಕ್ಕೂ ಬಗ್ಗದಿದ್ದರೆ ಮಾಡ್ ಬರೆದವರನ್ನೇ ಕೇಳಿ, ಖುಷಿಯಿಂದ ಉತ್ತರ ಕೊಡುತ್ತಾರೆ. "ಆಗ್ತಿಲ್ಲ" ಅಂತ ಒಂದು ಪದ ಬರೆದು ಸುಮ್ನೆ ಕೂರಬೇಡಿ. ಇಬ್ಬರ ಲಾಗ್ ಫೈಲ್, ಸಿಎಫ್‌ಆರ್ ಸಂಖ್ಯೆ, ಯಾವ ಸರ್ವರ್ ಆರಿಸಿದ್ದಿರಿ, ಹಾಟ್‌ಸ್ಪಾಟ್‌ನಲ್ಲಿ ಏನಾಯಿತು, ಇಷ್ಟನ್ನೂ ಒಂದೇ ಸಲಕ್ಕೆ ಕೊಡಿ. ಲಾಗ್ ಕಳಿಸುವ ಮೊದಲು ಅದರಲ್ಲಿ ನಿಮ್ಮ ವಿಂಡೋಸ್ ಬಳಕೆದಾರ ಹೆಸರು ಇದ್ದರೆ ಅಳಿಸಿ. ಮತ್ತೆ ಆಟ ತೆರೆಯುವ ಮೊದಲೇ ಲಾಗ್‌ನ ಪ್ರತಿ ತೆಗೆದಿಡಿ, ಯಾಕೆಂದರೆ ಲೇಟೆಸ್ಟ್ ಅನ್ನುವ ಫೈಲ್ ಪ್ರತಿ ಸಲ ಹೊಸದಾಗಿ ಬರೆಯಲ್ಪಡುತ್ತದೆ.